ಅಪ್ಪನ ಹನ್ನೊಂದನೇ ಮ್ಯಾಟಿನಿ

ನಮ್ಮಪ್ಪ ಒಂದೇ ಸಿನಿಮಾವನ್ನು ಹತ್ತು ಸಲ ನೋಡಿದ್ದಾನೆ ಎಂದು ನನಗೆ ಗೊತ್ತಾದದ್ದು ಟಾಕೀಸಿನ ಗೇಟಿನವನಿಂದ. ಒಂದು ಬೆಳಿಗ್ಗೆ ನನ್ನ ಬಸ್ಸು ಹತ್ತಿದವನು ಟಿಕೆಟ್ ತೆಗೆದುಕೊಳ್ಳುವಾಗ ಹಲ್ಲು ಕಿರಿದು, "ಏನಕ್ಕಾ, ನಿಮ್ಮಪ್ಪಂಗೆ ನಮ್ಮ ಟಾಕೀಸಲ್ಲೇ ಒಂದು ಮಂಚ ಹಾಕಿಸ್ಬಿಡ್ಲಾ?" ಎಂದ. ಹತ್ತಿರ ಕೂತಿದ್ದ ನಾಲ್ಕು ಜನ ನಕ್ಕರು. "ನಿಮ್ಮ ಸೀಟಲ್ಲಿ ಇಷ್ಟೊಂದು ತಿಗಣೆ ಸಾಕಿದ್ದೀರಲ್ಲ, ಮೊದ್ಲು ಅವುಗಳಿಗೆ ಮಂಚ ಹಾಕ್ಸಿ," ಎಂದು ಟಿಕೆಟ್ ಹರಿದು ಕೈಗೆ ತುರುಕಿದೆ. ಬಾಯಿ ಅಷ್ಟು ಹೇಳಿತು, ಸರಿ. ಆದರೆ ಡಿಪೋ ಸೇರುವವರೆಗೂ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಆ ಸಿನಿಮಾ ಒಂದು ದರೋಡೆಯ ಕಥೆ. ಊರಲ್ಲಿ ಮೂರು ಟಾಕೀಸುಗಳಿವೆ, ಮೂರರಲ್ಲಿ ಮೂರು ಸಿನಿಮಾ ಓಡುತ್ತಿವೆ. ನಮ್ಮಪ್ಪನಿಗೆ ಹೋಗಿ ಹೋಗಿ ಅದೇ ಬೇಕಿತ್ತೇ?

ಯಾಕೆ ಇಷ್ಟು ಕೋಪ ಎಂದು ಹೇಳುತ್ತೇನೆ. ಅಪ್ಪ ಬೀಗ ರಿಪೇರಿ ಮಾಡುವವನು. ಮಾರ್ಕೆಟ್ಟಿನಲ್ಲಿ ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಅವನದೊಂದು ಪೆಟ್ಟಿಗೆ ಅಂಗಡಿ, ಒಬ್ಬ ಕೂತರೆ ಇನ್ನೊಬ್ಬ ಕಾಲಿಡಲೂ ಜಾಗವಿಲ್ಲ. ಸಂಜೆ ಮನೆಗೆ ಬಂದರೆ ಅವನ ಅಂಗಿಯಿಂದ ಹಿತ್ತಾಳೆ ಪುಡಿ ಉದುರುತ್ತದೆ, ಅಮ್ಮ ಬದುಕಿದ್ದಷ್ಟು ದಿನ ಅದನ್ನು ಗುಡಿಸಿಕೊಂಡು ಬೈದಳು. ಕೀ ಇಲ್ಲದ ಬೀಗ ತಂದುಕೊಟ್ಟರೆ ಕಣ್ಣು ಮುಚ್ಚಿ, ಸಣ್ಣ ಕಂಬಿಯೊಂದನ್ನು ಒಳಗೆ ಬಿಟ್ಟು, ಯಾರದೋ ಗುಟ್ಟು ಕೇಳುವವನಂತೆ ತಲೆ ವಾಲಿಸಿ ಕೂರುತ್ತಾನೆ. ಮಾತು ಕಡಿಮೆ. ಊಟಕ್ಕೆ ಉಪ್ಪು ಸಾಲದಿದ್ದರೂ ಕೇಳುವವನಲ್ಲ. ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಆಮೇಲೆ ಬೇರೆ ಏನೇನೋ ಅಂದರು.

ಒಂಬತ್ತು ವರ್ಷದ ಹಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಅಂಗಡಿಗೆ ಬಂದು, ಮನೆಯ ಕೀ ಕಳೆದುಹೋಗಿದೆ, ಬಂದು ಬಾಗಿಲು ತೆಗೆದುಕೊಡಿ ಎಂದ. ಅಪ್ಪ ಹೋಗಿ ತೆಗೆದುಕೊಟ್ಟ. ಅದು ಅವನ ಮನೆಯಲ್ಲ, ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿರುವ ಟೀಚರಮ್ಮನ ಮನೆ. ಅವರು ತಂಗಿಯ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ವಾಪಸು ಬಂದಾಗ ಮನೆ ಗುಡಿಸಿ ಸಾರಿಸಿದಂತಿತ್ತು. ಒಡವೆ ಹೋಯಿತು, ರೇಡಿಯೋ ಹೋಯಿತು, ತೀರಿಕೊಂಡ ಗಂಡನ ಕೈಗಡಿಯಾರವೂ ಹೋಯಿತು. ಇಸ್ತ್ರಿ ಅಂಗಿಯವನು ಸಿಕ್ಕಲಿಲ್ಲ. ಸಿಕ್ಕವನು ನಮ್ಮಪ್ಪ.

ಕೋರ್ಟಿನಲ್ಲಿ ಟೀಚರಮ್ಮ ನೇರವಾಗಿ ಅಪ್ಪನ ಕಡೆ ಕೈ ತೋರಿಸಿದರು. "ಆ ಬೀಗ ಹಾಕಿದವ್ರೇ ಇವರು. ಎರಡು ವರ್ಷದ ಕೆಳಗೆ ನಮ್ಮನೆಗೆ ಬಂದು, ಕೂತು ಟೀ ಕುಡಿದು, ಬೀಗ ಹಾಕಿ ಹೋಗಿದಾರೆ. ಯಾರ ಮನೆ ಅಂತ ಗೊತ್ತಿರ್ಲಿಲ್ಲ ಅಂದ್ರೆ ನಾನು ನಂಬಲ್ಲ," ಎಂದರು. ಅಪ್ಪ ತಲೆ ತಗ್ಗಿಸಿಕೊಂಡೇ, "ಸಾವಿರ ಬಾಗಿಲಿಗೆ ಬೀಗ ಹಾಕಿದೀನಿ ಸ್ವಾಮಿ. ಎಲ್ಲಾ ನೆನಪಿಟ್ಕೊಳ್ಳೋಕಾಗುತ್ತಾ?" ಎಂದ. ಎರಡು ವರ್ಷ ಶಿಕ್ಷೆಯಾಯಿತು.

ಆಗ ನನಗೆ ಹತ್ತೊಂಬತ್ತು. ಓದು ಅಲ್ಲಿಗೇ ನಿಂತಿತು, ಕಂಡಕ್ಟರ್ ಕೆಲಸಕ್ಕೆ ಸೇರಿದೆ. ಡಿಪೋದಲ್ಲಿ ನನ್ನನ್ನು ಮೆಣಸಿನಕಾಯಿ ಎನ್ನುತ್ತಾರೆ, ಎದುರಿಗೇ ಅನ್ನುತ್ತಾರೆ, ನನಗೇನೂ ಬೇಜಾರಿಲ್ಲ. ಈ ಖಾರ ಹುಟ್ಟಿನಿಂದ ಬಂದದ್ದಲ್ಲ. "ನಮ್ಮಪ್ಪ ಕಳ್ಳ ಅಲ್ಲ, ಮೋಸ ಹೋದವ್ನು" ಎಂಬ ಒಂದೇ ಮಾತನ್ನು ಒಂಬತ್ತು ವರ್ಷ ಊರಿಗೆಲ್ಲ ಹೇಳಿ ಹೇಳಿ ಬಂದದ್ದು. ನಲ್ಲಿಯ ಹತ್ತಿರ ಹೇಳಿದೆ, ರೇಷನ್ ಅಂಗಡಿಯ ಸಾಲಿನಲ್ಲಿ ಹೇಳಿದೆ, ಸೋದರತ್ತೆಯ ಮನೆಯಲ್ಲಿ ತಟ್ಟೆ ತಳ್ಳಿ ಎದ್ದು ಬಂದು ಹೇಳಿದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, "ತಂದೆಯವರ ವಿಷಯ ಒಂದು ಕೇಳಿದ್ವಿ" ಎಂದು ರಾಗ ಎಳೆದಾಗ, "ಕೇಳಿದ್ದು ಮುಗೀತಲ್ಲ, ಚಪ್ಪಲಿ ಅಲ್ಲಿವೆ" ಎಂದೆ. ಅಮ್ಮ ಒಳಗೆ ಹೋಗಿ ಅತ್ತಳು. ಆದರೆ ಬೈಯಲಿಲ್ಲ. ಅವಳೂ ನಂಬಿದ್ದಳು. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯಲ್ಲಿ, ಕೊನೆಯ ವಾರ, ಪಕ್ಕದ ಮಂಚದವಳಿಗೂ ಅದನ್ನೇ ಹೇಳುತ್ತಿದ್ದಳು: ನಮ್ಮನೆಯವರು ಪಾಪ, ಎದುರಿನವನನ್ನು ನಂಬಿ ಕೆಟ್ಟರು.

ಇನ್ನು ಟೀಚರಮ್ಮ. ನನ್ನ ಬಸ್ಸು ನೀರಿನ ಟ್ಯಾಂಕ್ ಸ್ಟಾಪಿನ ಮೇಲೇ ಹೋಗುತ್ತದೆ. ಅವರು ಹತ್ತುತ್ತಿದ್ದರು, ನಾನು ಮುಖ ಗಂಟಿಕ್ಕಿ ಟಿಕೆಟ್ ಕೊಡುತ್ತಿದ್ದೆ. ಎರಡು ವರ್ಷದ ಹಿಂದೆ ಒಂದು ದಿನ, ಬಸ್ಸು ಕಿಕ್ಕಿರಿದಿತ್ತು, ನನಗೂ ಬೆಳಗಿನಿಂದ ತಲೆನೋವು. ಅವರು, "ಸ್ವಲ್ಪ ಒಳಗೆ ಹೋಗೋಕೆ ಜಾಗ ಮಾಡಮ್ಮ" ಎಂದರು, ಅಷ್ಟೇ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಜಾಗ ಬೇಕಾ ನಿಮಗೆ? ಸುಳ್ಳು ಸಾಕ್ಷಿ ಹೇಳಿ ಒಂದು ಸಂಸಾರಾನೇ ಹಾಳು ಮಾಡಿದ್ರಿ, ಇನ್ನೂ ಎಷ್ಟು ಜಾಗ ಬೇಕು?" ಎಂದು ಕೂಗಿದೆ. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, "ಸಾಕು ಮಾಡಮ್ಮ" ಎಂದ. ಟೀಚರಮ್ಮ ಮುಂದಿನ ಸ್ಟಾಪಿನಲ್ಲಿ ಇಳಿದರು, ಅದು ಅವರ ಸ್ಟಾಪಲ್ಲ. ಅವತ್ತಿನಿಂದ ಬಸ್ಸು ಹತ್ತಿಲ್ಲ. ಮಂಡಿ ನೋವಿನ ಕಾಲು ಎಳೆದುಕೊಂಡು, ಕೊಡೆ ಊರಿಕೊಂಡು, ರಸ್ತೆ ಪಕ್ಕದಲ್ಲಿ ನಡೆದು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿ ಖುಷಿಪಟ್ಟಿದ್ದೇನೆ, ಯಾಕೆ ಸುಳ್ಳು ಹೇಳಲಿ.

ಹೀಗಿರುವಾಗ ಇವನು ಹತ್ತು ಸಲ ಕಳ್ಳರ ಸಿನಿಮಾ ನೋಡುತ್ತಾನಂತೆ! ಅವತ್ತು ಮನೆಗೆ ಬಂದವಳೇ ಚೀಲ ಬಿಸಾಕಿ, "ಅಪ್ಪಾ, ನಿಂಗೆ ಬುದ್ಧಿ ಇದೆಯಾ?" ಎಂದೆ. ಅಪ್ಪ ಒಂದು ಹಳೆಯ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ.

"ಜೈಲಿಗೆ ಹೋಗಿ ಬಂದವ್ನು, ದರೋಡೆ ಸಿನಿಮಾನ ಬಾಯಿಪಾಠ ಮಾಡ್ತಾ ಇದಾನೆ ಅಂತ ಜನ ಆಡ್ಕೊಳ್ತಾರೆ. ನಾನು ಒಬ್ಬೊಬ್ಬರ ಬಾಯಿ ಮುಚ್ಚಿಸ್ಕೊಂಡು ಬರೋದು, ನೀನು ಹಿಂದಿನಿಂದ ತೆರೆಸ್ಕೊಂಡು ಬರೋದು. ಇದೇ ಆಯ್ತಲ್ಲ!"

"ನಾಡಿದ್ದು ನಿಂಗೆ ರಜಾ ಅಲ್ವಾ," ಎಂದ ಅಪ್ಪ. "ಮ್ಯಾಟಿನಿಗೆ ಬಾ ನನ್ ಜೊತೆ."

"ಏನು?"

"ಒಂದೇ ಸಲ ಬಾ ಮಗಳೇ. ನೋಡು. ಆಮೇಲೆ ಏನಂದ್ರೂ ಅನ್ನು, ಅನ್ನಿಸ್ಕೋತೀನಿ."

ಇಪ್ಪತ್ತೆಂಟು ವರ್ಷದಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ. ಇಲ್ಲ ಎನ್ನಲು ಬಾಯಿ ತೆರೆದೆ, ಆದರೆ ಅವನು ಎಣ್ಣೆಯ ಡಬ್ಬಿ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಹೋದೆ.

ಟಾಕೀಸು ಅರ್ಧ ಖಾಲಿ. ಫ್ಯಾನು ತಿರುಗಿದರೆ ಗಾಳಿಗಿಂತ ಶಬ್ದ ಜಾಸ್ತಿ. ಅಪ್ಪ ಎಡಗಡೆಯ ಆರನೇ ಸಾಲಿಗೆ ನೇರವಾಗಿ ಹೋಗಿ ಕೂತ, ತನ್ನ ಸೀಟು ಎಂಬಂತೆ. ಸಿನಿಮಾ ಶುರುವಾದ ಅರ್ಧ ಗಂಟೆ ನಾನು ಹಲ್ಲು ಕಡಿಯುತ್ತಲೇ ಕೂತಿದ್ದೆ. ಇದೆಂಥ ದರೋಡೆ ಸಿನಿಮಾ! ಹೊಡೆದಾಟವಿಲ್ಲ, ಹಾಡಿಲ್ಲ. ಒಬ್ಬ ಟ್ಯಾಕ್ಸಿ ಡ್ರೈವರ್. ಬೆಳಿಗ್ಗೆ ಏಳುತ್ತಾನೆ, ಕಾರು ಒರೆಸುತ್ತಾನೆ, ಹೆಂಡತಿ ಕೊಟ್ಟ ಡಬ್ಬಿ ತೆಗೆದುಕೊಂಡು ಹೊರಡುತ್ತಾನೆ. ಅವನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಪ್ಯಾಸೆಂಜರುಗಳು ಅವನ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಾರೆ. ಒಂದು ದಿನ ಮೂರು ಜನ ಕಾರಿಗೆ ಹತ್ತುತ್ತಾರೆ, ಅದರಲ್ಲೊಬ್ಬ, "ಈ ಊರಿನ ಸಂದಿಗೊಂದಿಯೆಲ್ಲ ನಿಮ್ಮಷ್ಟು ಯಾರಿಗೂ ಗೊತ್ತಿಲ್ವಂತೆ ಹೌದಾ?" ಎನ್ನುತ್ತಾನೆ. ಡ್ರೈವರನ ಮುಖದಲ್ಲಿ ಏನೋ ಒಂದು ಸಣ್ಣದಾಗಿ ಬದಲಾಗುತ್ತದೆ. ಆ ನಟನಿಗೆ ಕೈ ಮುಗಿಯಬೇಕು, ಹುಬ್ಬು ಕೂಡ ಅಲ್ಲಾಡಿಸಲಿಲ್ಲ, ಆದರೂ ಕಂಡಿತು.

ಮೂವರೂ ಬ್ಯಾಂಕಿನ ಮುಂದೆ ಇಳಿದು ಒಳಗೆ ಹೋಗುತ್ತಾರೆ. ಕ್ಯಾಮೆರಾ ಹೋಗುವುದಿಲ್ಲ. ಕಾರಿನೊಳಗೆ ಡ್ರೈವರನ ಪಕ್ಕದಲ್ಲೇ ಉಳಿದುಬಿಡುತ್ತದೆ. ಐದಾರು ನಿಮಿಷ. ಹಿಂದಿನ ಸಾಲಿನವರು ಕೂಗಾಡತೊಡಗಿದರು. "ಒಳಗೇನಾಗ್ತಿದೆ ತೋರ್ಸ್ರಪ್ಪಾ! ಇವನ ಮೂತಿ ಎಷ್ಟು ಹೊತ್ತು ನೋಡೋದು?" ಅಪ್ಪ ತಿರುಗಿ, "ಶ್! ಅಲ್ಲೇ ಇರೋದು, ನೋಡ್ರೀ!" ಎಂದು ಗದರಿದ. ನಮ್ಮಪ್ಪ ಗದರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನೂ ನೋಡಿದೆ.

ನೋಡಿದವಳು ನೆಟ್ಟಗೆ ಕೂತೆ. ಉಳಿದವರಿಗೆ ಏನು ಕಂಡಿತೋ ಗೊತ್ತಿಲ್ಲ, ನಾನು ಎಂಟು ವರ್ಷದಿಂದ ಡ್ರೈವರುಗಳ ಜೊತೆ ಬದುಕುತ್ತಿರುವವಳು. ಡ್ರೈವರ್ ಕಾಯುವುದು ಹೇಗೆ ಎಂದು ನನಗೆ ಗೊತ್ತು. ಚಪ್ಪಲಿ ಕಳಚುತ್ತಾನೆ, ಸೀಟು ಹಿಂದಕ್ಕೆ ಒರಗಿಸುತ್ತಾನೆ, ಕಣ್ಣು ಮುಚ್ಚುತ್ತಾನೆ. ಇವನೂ ಮೊದಲು ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹಾಗೇ ಒರಗಿದ. ಆಮೇಲೆ ಎದ್ದ. ಚಪ್ಪಲಿ ಹಾಕಿಕೊಂಡ. ಯಾರೂ ಹೇಳದೆಯೇ ಕಾರನ್ನು ಹಿಂದೆ ತೆಗೆದು, ತಿರುಗಿಸಿ, ಮೂತಿ ರಸ್ತೆಯ ಕಡೆ ಬರುವಂತೆ ನಿಲ್ಲಿಸಿದ. ಕೈ ಹಿಂದೆ ಚಾಚಿ ಹಿಂಬಾಗಿಲನ್ನು ಒಂದಿಷ್ಟು ತೆರೆದಿಟ್ಟ. ಒಳಗಿನಿಂದ ಯಾರೂ ಹೊರಗೆ ಬರುವ ಮೊದಲೇ ಎಂಜಿನ್ ಚಾಲೂ ಮಾಡಿದ. ಒಂದು ಮಾತಿಲ್ಲ, ಸಂಗೀತವಿಲ್ಲ, ಬರೀ ಕೈ ಮತ್ತು ಪಾದ. ಬರುವಾಗ ಎಷ್ಟೇ ಬೈದುಕೊಂಡಿದ್ದರೂ ಒಪ್ಪಿಕೊಳ್ಳಬೇಕು, ಅದನ್ನು ತೆಗೆದವನು ಸಾಮಾನ್ಯನಲ್ಲ. ಒಬ್ಬ ಮನುಷ್ಯ ಕೆಟ್ಟವನಾಗುವುದನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಸೀಟಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಮೇಲೆ ಪೊಲೀಸ್ ಸ್ಟೇಷನ್ನು. "ನಂಗೇನೂ ಗೊತ್ತಿಲ್ಲ ಸಾರ್. ಕೂತ್ರು, ಹೋಗು ಅಂದ್ರು, ಹೋದೆ," ಎನ್ನುತ್ತಾನೆ ಡ್ರೈವರ್. ಎಷ್ಟು ಚೆನ್ನಾಗಿ ಹೇಳುತ್ತಾನೆಂದರೆ ಟಾಕೀಸೇ ಕರಗಿಹೋಯಿತು. ನನ್ನ ಹಿಂದಿದ್ದ ಹೆಂಗಸು, "ಅಯ್ಯೋ ಪಾಪ, ಏನೂ ಅರಿಯದವ್ನು" ಎಂದಳು.

ನನಗೆ ತಡೆಯಲಾಗಲಿಲ್ಲ. ತಿರುಗಿ, "ಏನ್ರೀ ಪಾಪ! ಗಾಡಿ ತಿರುಗಿಸಿ ನಿಲ್ಸಿದ್ದು ನೋಡ್ಲಿಲ್ವಾ? ಬಾಗಿಲು ತೆಗೆದಿಟ್ಟಿದ್ದು? ಎಲ್ಲಾ ಗೊತ್ತಿತ್ತು ಕಣ್ರೀ ಅವನಿಗೆ!" ಎಂದೆ, ಟಿಕೆಟ್ ಕೇಳುವ ದನಿಯಲ್ಲಿ.

"ಹೂಂ," ಎಂದ ಪಕ್ಕದಲ್ಲಿದ್ದ ಅಪ್ಪ, ಮೆಲ್ಲಗೆ. "ಗೊತ್ತಿತ್ತು."

ಆ ದನಿ ಸಿನಿಮಾ ನೋಡುವವನ ದನಿಯಾಗಿರಲಿಲ್ಲ. ಪರದೆಯ ಮೇಲೆ ಈಗ ಡ್ರೈವರನ ಹೆಂಡತಿ ಬೀದಿಯಲ್ಲಿ ನಿಂತು, ನನ್ನ ಗಂಡ ಅಂಥವನಲ್ಲ ಎಂದು ಅಕ್ಕಪಕ್ಕದವರ ಜೊತೆ ಕಿತ್ತಾಡುತ್ತಿದ್ದಳು, ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಅಪ್ಪನ ಕಡೆ ತಿರುಗಿದೆ. ಅವನು ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಯಾಕೆ ಕರೆದುಕೊಂಡು ಬಂದ ಎಂದು ಆಗ ಗೊತ್ತಾಯಿತು.

ಕೊನೆಯವರೆಗೆ ಕೂರಲಿಲ್ಲ. ಎದ್ದು ಹೊರಗೆ ಬಂದೆ, ಅಪ್ಪ ಹಿಂದೆಯೇ ಬಂದ. ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ, ಮಧ್ಯಾಹ್ನದ ಬಿಸಿಲಲ್ಲಿ, ಕೇಳಿದೆ.

"ಯಾವಾಗ ಗೊತ್ತಾಯ್ತು?"

"ಬಾಗಿಲ ಮುಂದೆ ಕೂತಾಗ. ಸ್ಕ್ರೂ ನೋಡಿದೆ."

ಬೇರೆ ಯಾರಿಗಾದರೂ ಅದು ಅರ್ಥವಾಗುತ್ತಿರಲಿಲ್ಲ. ಅಪ್ಪ ಯಾವ ಬೀಗ ಕೂರಿಸಿದರೂ ಸ್ಕ್ರೂಗಳ ತಲೆಯ ಮೇಲಿನ ಗೆರೆಗಳನ್ನೆಲ್ಲ ಮೇಲಿಂದ ಕೆಳಕ್ಕೆ ಒಂದೇ ಸಮ ನೆಟ್ಟಗೆ ನಿಲ್ಲಿಸುತ್ತಾನೆ. ಉಳಿದ ಕೆಲಸಗಾರರಿಗೆ ಬಿಗಿಯಾದರೆ ಸಾಕು, ಗೆರೆ ಎತ್ತ ಬೇಕಾದರೂ ತಿರುಗಿರಲಿ. ನಮ್ಮ ಮನೆಯ ಕಪಾಟು, ಕಿಟಕಿ, ಸ್ವಿಚ್ಚಿನ ಹಲಗೆ, ಎಲ್ಲದರಲ್ಲೂ ಗೆರೆಗಳು ಹಾಗೇ ನಿಂತಿವೆ. ಅವನ ರುಜು ಅದು. ಊರಿನ ಸಾವಿರ ಬಾಗಿಲುಗಳಲ್ಲಿ ತನ್ನದು ಯಾವುದು ಎಂದು ಅವನು ಒಂದೇ ನೋಟಕ್ಕೆ ಹೇಳಬಲ್ಲ.

"ನನ್ನ ಕೆಲ್ಸ ಅಂತ ಗೊತ್ತಾಯ್ತು. ಟೀಚರಮ್ಮನ ಮನೆ ಅಂತಾನೂ ನೆನಪಾಯ್ತು. ಟೀ ಕೊಟ್ಟಿದ್ರು."

"ಮತ್ಯಾಕೆ ತೆಗ್ದೆ? ಹೆದರಿಸಿದ್ನಾ ಅವ್ನು?"

"ಇಲ್ಲ."

"ದುಡ್ಡು ಜಾಸ್ತಿ ಕೊಟ್ನಾ?"

"ಇಲ್ಲ. ಮಾಮೂಲಿ ಕೂಲಿ."

"ಮತ್ತೇನಪ್ಪಾ!" ನನ್ನ ದನಿಗೆ ಸೈಕಲ್ ಸ್ಟ್ಯಾಂಡಿನವನು ಎದ್ದು ನಿಂತ.

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. "ಮೂರು ಜನ ಬೀಗದವ್ರು ಬಂದು ಆಗಲ್ಲ ಅಂದ್ರು, ಒಡೀಲೇಬೇಕು ಅಂದ್ರು, ನಿಮ್ಮಿಂದಾದ್ರೂ ಆಗುತ್ತಾ ಅಂದ. ನಾನು ಹಾಕಿದ ಬೀಗ. ಯಾರ ಕೈಲೂ ಆಗಿರ್ಲಿಲ್ಲ. ನನ್ನ ಕೈಲಿ ಆಗುತ್ತಾ ನೋಡೇ ಬಿಡೋಣ ಅನ್ನಿಸ್ತು. ಅವ್ನು ಹಿಂದೆ ನಿಂತಿದಾನೆ ಅನ್ನೋದೇ ಮರ್ತೋಯ್ತು. ನಾಲ್ಕು ನಿಮಿಷಕ್ಕೆ ತೆಗ್ದೆ."

"ಖುಷಿ ಆಯ್ತಾ?"

"ಆಯ್ತು," ಎಂದ.

ಥೂ! ಹೊಟ್ಟೆಗಿಲ್ಲದೆ ಮಾಡಿದ್ದರೆ ಅತ್ತುಬಿಡುತ್ತಿದ್ದೆ. ಕುತ್ತಿಗೆಗೆ ಚಾಕು ಇಟ್ಟು ಮಾಡಿಸಿದ್ದರೆ ಅಪ್ಪಿಕೊಳ್ಳುತ್ತಿದ್ದೆ. ಇವನು ತನ್ನ ಕೈಚಳಕ ತಾನೇ ನೋಡಿಕೊಳ್ಳಲು ಒಬ್ಬ ಒಂಟಿ ಹೆಂಗಸಿನ ಮನೆಯ ಬಾಗಿಲು ತೆಗೆದು ಕಳ್ಳನ ಕೈಗೆ ಕೊಟ್ಟು ಬಂದ. ಬಂದು ಊಟ ಮಾಡಿ ಮಲಗಿದ. ಆಮೇಲೆ ಒಂಬತ್ತು ವರ್ಷ ನನ್ನನ್ನು ಊರಿನ ಮೇಲೆ ಬಿಟ್ಟ.

"ಅಮ್ಮಂಗೆ?"

"ಹೇಳ್ಲಿಲ್ಲ."

"ಆಸ್ಪತ್ರೆಲಿ ಪಕ್ಕದ ಮಂಚದವಳಿಗೆಲ್ಲ ಹೇಳ್ತಿದ್ಲಲ್ಲಪ್ಪಾ, ಆಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ? ಬಾಯಿ ಸತ್ತೋಗಿತ್ತಾ ನಿಂಗೆ?"

"ಹೇಳೋಣ ಅಂತ ಬಂದಾಗೆಲ್ಲ ನೀನು ಯಾರ ಜೊತೆಗೋ ನನ್ನ ಪರವಾಗಿ ಜಗಳಕ್ಕೆ ನಿಂತಿರ್ತಿದ್ದೆ," ಎಂದ ಅಪ್ಪ. "ಈ ಸಿನಿಮಾ ನೋಡ್ದಾಗ, ಇದ್ರಲ್ಲಿ ಎಲ್ಲಾ ಇದೆ ಅನ್ನಿಸ್ತು. ನೀನು ನೋಡಿದ್ರೆ ನಿಂಗೆ ಗೊತ್ತಾಗುತ್ತೆ ಅಂತ..."

"ಓಹೋ! ನೀನು ಮಾಡಿದ್ದನ್ನ ಸಿನಿಮಾದವ್ರು ಹೇಳ್ಬೇಕು. ನೀನು ಆರನೇ ಸಾಲಲ್ಲಿ ಕೂತಿರ್ತೀಯ!" ಅವನ ತೋಳು ಹಿಡಿದು ಎಳೆದೆ. "ನಡಿ."

"ಎಲ್ಲಿಗೆ?"

"ಟೀಚರಮ್ಮನ ಮನೆಗೆ. ಅವ್ರು ಈ ಸಿನಿಮಾ ನೋಡಿಲ್ಲ. ಅವ್ರಿಗೆ ನೀನು ಬಾಯಲ್ಲೇ ಹೇಳ್ಬೇಕು."

ನೀರಿನ ಟ್ಯಾಂಕಿನವರೆಗೆ ಬಸ್ಸಿನಲ್ಲಿ ಹೋದೆವು, ಅಕ್ಕಪಕ್ಕ ಕೂತು. ಸಣ್ಣ ಮನೆ, ಹಸಿರು ಬಾಗಿಲು. ಬಾಗಿಲಿಗೆ ಈಗ ಬೇರೆ ಯಾರೋ ಹಾಕಿದ ಬೀಗ. ಅಪ್ಪನ ಕಣ್ಣು ಮೊದಲು ಹೋದದ್ದೇ ಅದರ ಮೇಲೆ. "ಅದನ್ನ ನೋಡ್ಬೇಡ," ಎಂದು ಗದರಿ ನಾನೇ ಬಾಗಿಲು ಬಡಿದೆ.

ಟೀಚರಮ್ಮ ಬಾಗಿಲು ತೆರೆದು ನಮ್ಮಿಬ್ಬರನ್ನೂ ನೋಡಿದರು. ಅಪ್ಪ ಕೈ ಮುಗಿದ. "ನೀವು ಕೋರ್ಟಲ್ಲಿ ಹೇಳಿದ್ದು ನಿಜ, ಟೀಚರಮ್ಮ. ನಿಮ್ಮ ಮನೆ ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದೇ ತೆಗ್ದೆ," ಎಂದ.

"ಅದು ನಂಗೆ ಅವತ್ತೇ ಗೊತ್ತಿತ್ತಲ್ಲ," ಎಂದರು ಟೀಚರಮ್ಮ. "ಅದಕ್ಕೆ ನೀವು ಜೈಲಿಗೂ ಹೋಗಿ ಬಂದ್ರಿ. ನಿಮ್ಮದು ಮುಗೀತು." ಆಮೇಲೆ ನನ್ನ ಕಡೆ ತಿರುಗಿದರು. "ನೀನ್ಯಾಕೆ ಬಂದೆ?"

"ಅಪ್ಪನ್ನ ಕರ್ಕೊಂಡು ಬಂದೆ."

"ಅಷ್ಟೇನಾ?"

ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಕೇಳುವಂತೆ ದಿನಕ್ಕೆ ಸಾವಿರ ಮಾತಾಡುವ ಬಾಯಿ ಇದು. ಅವರೊಬ್ಬರ ಎದುರಿಗೆ ಒಂದು ಮಾತೂ ಹೊರಡಲಿಲ್ಲ. ಕಣ್ಣು ನೆಲಕ್ಕೆ ಹೋಯಿತು. ಊದಿಕೊಂಡ ಮಂಡಿಗೆ ಅವರು ಬಟ್ಟೆ ಸುತ್ತಿಕೊಂಡಿದ್ದರು. ಎರಡು ವರ್ಷ ಅವರನ್ನು ಆ ಕಾಲಲ್ಲಿ ನಡೆಸಿದ್ದು ನಾನು, ಅಪ್ಪನಲ್ಲ. ಅಪ್ಪನ ಮೇಲಿದ್ದ ಸಿಟ್ಟೆಲ್ಲ ಒಂದು ಕ್ಷಣದಲ್ಲಿ ನನ್ನ ಮೇಲೇ ತಿರುಗಿತು. "ಟೀಚರಮ್ಮ, ನಾನು..." ಎಂದೆ.

"ಇಲ್ಲಿ ಬೇಡ," ಎಂದರು ಅವರು. "ನೀನು ನಂಗೆ ಅಂದಿದ್ದು ಬಸ್ಸಲ್ಲಿ, ಅಷ್ಟು ಜನರ ಮುಂದೆ. ನಾಳೆ ಎಂಟೂವರೆ ಬಸ್ಸಿಗೆ ಬರ್ತೀನಿ. ಅಲ್ಲಿ ಹೇಳು." ಬಾಗಿಲು ಹಾಕಿಕೊಂಡರು.

ಅವತ್ತು ಅಪ್ಪನ ಜೊತೆ ಮಾತಾಡಲಿಲ್ಲ. ಮಾರನೆಯ ಬೆಳಿಗ್ಗೆ ಎಂಟೂವರೆಗೆ ಸ್ಟಾಪಿನಲ್ಲಿ ಟೀಚರಮ್ಮ ಕೊಡೆ ಹಿಡಿದು ನಿಂತಿದ್ದರು. ಹತ್ತಿದರು. ಬಸ್ಸು ತುಂಬಿ ತುಳುಕುತ್ತಿತ್ತು, ಎಲ್ಲ ದಿನದ ಮುಖಗಳೇ, ನನ್ನ ಜಗಳ ಕೇಳಿ ಕೇಳಿ ಒಂಬತ್ತು ವರ್ಷದಿಂದ ಪಾಪ ಎಂದವರು. ನಾನು ಸೀಟಿ ಊದಲಿಲ್ಲ.

"ರೈಟ್ ಹೇಳಮ್ಮ, ಲೇಟಾಯ್ತು," ಎಂದ ಡ್ರೈವರಣ್ಣ.

"ಇರಣ್ಣ. ಎಂಜಿನ್ ಆಫ್ ಮಾಡು, ಎಲ್ರಿಗೂ ಕೇಳಿಸ್ಬೇಕು," ಎಂದೆ. ಅವನು ಆಫ್ ಮಾಡಿದ. ಮೇಲಿನ ಕಂಬಿ ಹಿಡಿದುಕೊಂಡೆ. "ಎರಡು ವರ್ಷದ ಹಿಂದೆ ಇದೇ ಬಸ್ಸಲ್ಲಿ ಇವ್ರನ್ನ ಸುಳ್ಳು ಸಾಕ್ಷಿ ಹೇಳಿದವ್ರು ಅಂದಿದ್ದೆ. ಇವ್ರು ಹೇಳಿದ್ದು ನಿಜ. ನಮ್ಮಪ್ಪನಿಗೆ ಗೊತ್ತಿತ್ತು. ಊರೆಲ್ಲ ಸುಳ್ಳು ಹೇಳ್ಕೊಂಡು ತಿರುಗಿದವಳು ನಾನು."

ಮುಂದಿನ ಸೀಟಿನಲ್ಲಿದ್ದವರು ಎದ್ದು ಟೀಚರಮ್ಮನಿಗೆ ಜಾಗ ಬಿಟ್ಟರು. ಅವರು ನಿಧಾನಕ್ಕೆ ಕೂತು, ಮಂಡಿ ನೀವಿಕೊಂಡು, ನನ್ನ ಕಡೆ ಕೈ ಚಾಚಿದರು.

"ಆಸ್ಪತ್ರೆ ಸ್ಟಾಪಿಗೆ ಒಂದು ಟಿಕೆಟ್ ಕೊಡು," ಎಂದರು.